ಪ್ರೆಡ್ನಿಸೋಲೋನ್ ಎಂಬ ಸ್ಟೀರಾಯ್ಡ್ ಮಾತ್ರೆ ಶುರುವಾದ ಮೇಲೆ ಬಿಳಿ ರಕ್ತಕಣ 13,000 ದಾಟಿದೆ. ರೋಗನಿರೋಧಕ ಶಕ್ತಿ ಹೆಚ್ಚಿದೆ ಎಂದರ್ಥವೇ?

ಇಲ್ಲ, ಹೆಚ್ಚಿಲ್ಲ. ‘ಒಸಡು ಸ್ವಲ್ಪ ನೋಯುತ್ತಿದೆ, ಆದರೆ ಜ್ವರವಿಲ್ಲ’ ಎಂದು ನೀವು ಪತ್ರದ ಕೊನೆಯಲ್ಲಿ ಬರೆದಿದ್ದೀರಲ್ಲ, ಅದನ್ನು ಓದಿ ನನ್ನ ಬಲಗೈಯನ್ನೊಮ್ಮೆ ನೋಡಿಕೊಂಡೆ.

ಕಣ್ಣಿನೊಳಗಿನ ಉರಿಯೂತಕ್ಕೆ ದಿನಕ್ಕೆ 40 ಮಿಲಿಗ್ರಾಂ ಪ್ರೆಡ್ನಿಸೋಲೋನ್ ತೆಗೆದುಕೊಳ್ಳುತ್ತಿದ್ದೆ. ಐದನೆಯ ವಾರ ಹಲಗೆ ಎತ್ತುವಾಗ ಅಂಗೈಗೆ ಸಿಬಿರು ಹೊಕ್ಕಿತು. ಕಿತ್ತೆಸೆದೆ. ಎರಡು ದಿನ ಕಳೆದ ಮೇಲೆ ಮಂದವಾದ ನೋವು. ಕೆಂಪಿಲ್ಲ, ಬಿಸಿಯಿಲ್ಲ, ಊತ ಇದ್ದೂ ಇಲ್ಲದಂತೆ. ಜ್ವರವೂ ಇಲ್ಲ. ಅದೇ ವಾರದ ರಕ್ತಪರೀಕ್ಷೆಯಲ್ಲಿ ಬಿಳಿ ರಕ್ತಕಣ 14,200, ಅದರಲ್ಲಿ ನ್ಯೂಟ್ರೋಫಿಲ್ (ಸೋಂಕಿನ ಜಾಗಕ್ಕೆ ಮೊದಲು ಧಾವಿಸುವ ಬಿಳಿ ಕಣ) ಶೇ 85. ಕಾವಲಿಗೆ ಇಷ್ಟು ಕಣಗಳಿವೆ, ಮೈ ಬಿಸಿಯಾಗಿಲ್ಲ, ಇನ್ನೇನು ಭಯ ಎಂದುಕೊಂಡು ಆರು ದಿನ ಕಾದೆ. ಏಳನೆಯ ಬೆಳಿಗ್ಗೆ ಹಲ್ಲುಜ್ಜುವ ಬ್ರಷ್ ಹಿಡಿಯಲು ಬೆರಳು ಮಡಚಲಿಲ್ಲ.

ನನ್ನ ತಪ್ಪು ಎಲ್ಲಿತ್ತು ಎಂಬುದನ್ನು ಬಿಡಿಸಿ ಹೇಳಲೇಬೇಕು. ರಕ್ತದ ನ್ಯೂಟ್ರೋಫಿಲ್‌ಗಳಲ್ಲಿ ದೊಡ್ಡ ಪಾಲು ರಕ್ತನಾಳದ ಒಳಗೋಡೆಗೆ ಅಂಟಿಕೊಂಡಿರುತ್ತದೆ. ಸೂಜಿಯಲ್ಲಿ ಎಳೆದ ರಕ್ತದಲ್ಲಿ ಅವು ಲೆಕ್ಕಕ್ಕೆ ಸಿಗುವುದಿಲ್ಲ. ಸ್ಟೀರಾಯ್ಡ್ ಆ ಅಂಟನ್ನು ಬಿಡಿಸುತ್ತದೆ, ಜೊತೆಗೆ ಅಸ್ಥಿಮಜ್ಜೆಯಲ್ಲಿ ಕಾದಿದ್ದವನ್ನೂ ಹೊರಗೆ ಕಳಿಸುತ್ತದೆ. ಎಣಿಕೆ ಏರುವುದು ಹೀಗೆ. ಆದರೆ ಗೋಡೆಗೆ ಅಂಟಲಾರದ ಕಣ ಗೋಡೆ ದಾಟುವುದು ಹೇಗೆ? ಸಿಬಿರು ಹೊಕ್ಕಿದ್ದು ಅಂಗಾಂಶಕ್ಕೆ. ನನ್ನ ಕಣಗಳು ರಕ್ತದಲ್ಲೇ ಸುತ್ತುತ್ತಿದ್ದವು. ವರದಿಯಲ್ಲಿ ಕಂಡ ಸಂಖ್ಯೆ, ಅವು ಹೋಗಬೇಕಾದ ಜಾಗಕ್ಕೆ ಹೋಗಿಲ್ಲ ಎಂಬುದರ ಗುರುತಾಗಿತ್ತು. ನಾನು ಅದನ್ನು ಬಲವೆಂದು ಓದಿದೆ.

ಜ್ವರದ ಕಥೆಯೂ ಅಷ್ಟೇ. ಸೋಂಕು ಕಂಡ, ರೋಗಾಣು ನುಂಗುವ ಕಣಗಳಾದ ಮ್ಯಾಕ್ರೋಫೇಜ್‌ಗಳು ಇಂಟರ್‌ಲ್ಯೂಕಿನ್-1ರಂಥ ಸಂಕೇತಗಳನ್ನು ಹೊರಡಿಸಿದರೆ ಮೈ ಬಿಸಿಯಾಗುತ್ತದೆ. ಸ್ಟೀರಾಯ್ಡ್ ಆ ಸಂಕೇತವನ್ನೇ ತಗ್ಗಿಸುತ್ತದೆ. ಕೆಂಪು, ಊತ, ನೋವು ಎಲ್ಲವೂ ಅದರೊಂದಿಗೆ ಮಂಕಾಗುತ್ತವೆ.

ವೈದ್ಯರು ರಕ್ತದ ಲೇಪವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿಸಿದರು. ಬಲಿಯದ ನ್ಯೂಟ್ರೋಫಿಲ್‌ಗಳು ಬಹಳ ಇದ್ದವು. ಬರೀ ಸ್ಟೀರಾಯ್ಡ್‌ನಿಂದ ಎಣಿಕೆ ಏರಿದಾಗ ಅವು ಅಷ್ಟಾಗಿ ಕಾಣುವುದಿಲ್ಲ; ಸೋಂಕೂ ಇದೆ ಎಂದಾಯಿತು. ಅಂದೇ ಅಂಗೈ ಕೊಯ್ದು ಆಳದಲ್ಲಿದ್ದ ಕೀವು ತೆಗೆದರು. ಕಿರುಬೆರಳು ಇಂದಿಗೂ ಪೂರ್ತಿ ಮಡಚುವುದಿಲ್ಲ. ಮೂರನೆಯ ದಿನವೇ ತೋರಿಸಿದ್ದರೆ ಮಡಚುತ್ತಿತ್ತು ಎಂದೇ ನಾನು ನಂಬಿದ್ದೇನೆ.

‘ಮಾತ್ರೆ ನಿಲ್ಲಿಸಲೇ, ಇಮ್ಯುನಿಟಿ ಹೆಚ್ಚಿಸುವ ಪುಡಿ ಸೇರಿಸಲೇ’ ಎಂದು ಕೇಳಿದ್ದೀರಿ. ಎರಡೂ ಬೇಡ. ಅತಿಯಾಗಿ ಕೆರಳಿದ ಕಣಗಳನ್ನು ತಣಿಸುವುದಕ್ಕೇ ನಿಮಗೆ ಆ ಔಷಧ ಕೊಟ್ಟಿರುವುದು. ಅದರ ಮೇಲೆ ಕೆರಳಿಸುವ ಪುಡಿ ಏಕೆ? ಇನ್ನು, ಕೆಲವು ವಾರ ಸ್ಟೀರಾಯ್ಡ್ ಸೇವಿಸಿದ ಮೇಲೆ ಮೂತ್ರಪಿಂಡಗಳ ಮೇಲಿರುವ ಅಡ್ರಿನಲ್ ಗ್ರಂಥಿಗಳು ದೇಹದ ಸ್ವಂತ ಸ್ಟೀರಾಯ್ಡ್ ಆದ ಕಾರ್ಟಿಸೋಲ್‌ನ ತಯಾರಿಕೆಯನ್ನು ಕುಗ್ಗಿಸಿರುತ್ತವೆ. ಒಮ್ಮೆಲೇ ನಿಲ್ಲಿಸಿದರೆ ರಕ್ತದೊತ್ತಡ ಕುಸಿದು ಪ್ರಾಣಕ್ಕೇ ಸಂಚಕಾರ ಬರಬಹುದು. ಪ್ರಮಾಣ ಇಳಿಸುವುದು ವೈದ್ಯರ ಲೆಕ್ಕದಂತೆ, ಹಂತಹಂತವಾಗಿ.

ನನಗೆ ಆತಂಕವಿರುವುದು ನಿಮ್ಮ ಒಸಡಿನ ಬಗ್ಗೆ. ಜ್ವರ ಬರಲಿ, ಕೆನ್ನೆ ಊದಲಿ ಎಂದು ಕಾಯಬೇಡಿ. ನಾಳೆಯೇ ದಂತವೈದ್ಯರಲ್ಲಿಗೆ ಹೋಗಿ. ಕುರ್ಚಿಯಲ್ಲಿ ಕೂರುವ ಮೊದಲೇ ಪ್ರೆಡ್ನಿಸೋಲೋನ್ ಎಷ್ಟು ಮಿಲಿಗ್ರಾಂ, ಎಷ್ಟು ದಿನದಿಂದ ಎಂಬುದನ್ನು ಹೇಳಿ.