ಬಾವುಟದಲ್ಲಿ 17 ತಾವರೆಯೇ ಏಕೆ?

ಪ್ರಶ್ನೆ: ನನ್ನ ಮಗಳು ಎಂಟನೇ ಕ್ಲಾಸು. ಈ ವರ್ಷ ಎನ್‌ಸಿಸಿ ಸೇರಿದ್ದಾಳೆ. ಎನ್‌ಸಿಸಿ ಬಾವುಟದ ಚಿತ್ರ ಬರೆದು ತರಲು ಶಾಲೆಯಲ್ಲಿ ಹೇಳಿದ್ದಾರೆ. ಅದರಲ್ಲಿ 17 ತಾವರೆ ಇರಬೇಕಂತೆ. ದೇಶದಲ್ಲಿ 28 ರಾಜ್ಯ ಇರುವಾಗ 17 ಯಾವ ಲೆಕ್ಕ?
– ಒಬ್ಬ ತಾಯಿ, ಹಾಸನ

ಉತ್ತರ: ಅಮ್ಮಾ, ನಾನು ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಜೊತೆಗೆ 19 ವರ್ಷ ಎನ್‌ಸಿಸಿ ನೋಡಿಕೊಂಡವನು. ಈ ಪ್ರಶ್ನೆ ನನಗೆ ತುಂಬಾ ಇಷ್ಟ.

ತಾವರೆಗಳು ರಾಜ್ಯಗಳ ಲೆಕ್ಕವಲ್ಲ, ಎನ್‌ಸಿಸಿ ನಿರ್ದೇಶನಾಲಯಗಳ, ಅಂದರೆ ರಾಜ್ಯಗಳಲ್ಲಿ ಎನ್‌ಸಿಸಿ ನಡೆಸುವ ಕಚೇರಿಗಳ ಲೆಕ್ಕ. ಅವು ಇರುವುದು 17. ಮಹಾರಾಷ್ಟ್ರಕ್ಕೆ, ರಾಜಸ್ಥಾನಕ್ಕೆ ಒಂದೊಂದು. ನಮಗೂ ಗೋವಾಕ್ಕೂ ಸೇರಿ ಒಂದೇ. ಈಶಾನ್ಯದ ಏಳು ರಾಜ್ಯಗಳಿಗೂ ಸೇರಿ ಒಂದು. ಅಂದರೆ ನಿಮ್ಮ ಮಗಳು ಬರೆಯುವ ಒಂದು ಹೂವಿನಲ್ಲಿ ಹಾಸನದ ಮಕ್ಕಳೂ ಇದ್ದಾರೆ, ಪಣಜಿಯ ಮಕ್ಕಳೂ ಇದ್ದಾರೆ.

ಬಣ್ಣಗಳ ವಿಚಾರ ಸುಲಭ. ಕೆಂಪು ಭೂಸೇನೆ, ಕಡು ನೀಲಿ ನೌಕಾಸೇನೆ, ತಿಳಿ ನೀಲಿ ವಾಯುಸೇನೆ. ಎನ್‌ಸಿಸಿ ಶುರುವಾದದ್ದು 1948ರಲ್ಲಿ, ಈ ಮೂರು ಬಣ್ಣದ ಬಾವುಟ ಬಂದದ್ದು 1954ರಲ್ಲಿ. ಪಟ್ಟೆಗಳನ್ನು ನಮ್ಮ ರಾಷ್ಟ್ರಧ್ವಜದ ಹಾಗೆ ಅಡ್ಡ ಎಳೆಯಬಾರದು, ಉದ್ದಕ್ಕೆ ನಿಲ್ಲಿಸಬೇಕು. ಕೋಲಿನ ಕಡೆಗೆ ಕೆಂಪು. ಮಕ್ಕಳು ಜಾಸ್ತಿ ತಪ್ಪುವುದು ಇಲ್ಲೇ. ನಡುವೆ ಚಿನ್ನದ ಬಣ್ಣದಲ್ಲಿ ಎನ್‌ಸಿಸಿ ಅಕ್ಷರಗಳು, ಸುತ್ತ ತಾವರೆಯ ಮಾಲೆ.

ಒಮ್ಮೆ ನಮ್ಮ ಎನ್‌ಸಿಸಿ ಕೋಣೆಯ ಗೋಡೆ ಮೇಲೆ ಇದೇ ಲಾಂಛನ ಬರೆಸಿದ್ದೆ. ದೊಡ್ಡ ಹುಡುಗರು ಎರಡು ಶನಿವಾರ ಕೂತು ಬರೆದರು. ನೋಡಿ ನಾನೂ ಶಹಬ್ಬಾಸ್ ಅಂದೆ. ಮೂರನೇ ವಾರ, ಆಗಷ್ಟೇ ಸೇರಿದ್ದ ಪುಟ್ಟ ಕೆಡೆಟ್ ಒಬ್ಬ ಬೆರಳಿಟ್ಟು ಎಣಿಸಿದ. ಹದಿನಾರೇ ಇತ್ತು. "ಸಾರ್, ಯಾರನ್ನ ಬಿಟ್ವಿ?" ಅಂದ. ಕೊನೆಗೆ ಜಾಗ ಸಾಲದೆ ಒಂದು ಹೂವು ಬಿಟ್ಟಿದ್ದರಂತೆ. ಯಾರಿಗೂ ಸುಮ್ನೆ ಇರಲು ಆಗಲಿಲ್ಲ. ಇಡೀ ಮಾಲೆಗೆ ಸುಣ್ಣ ಬಳಿದು ಮತ್ತೆ ಬರೆದೆವು. "ಏಕತೆ ಮತ್ತು ಶಿಸ್ತು" ಅನ್ನುವ ಧ್ಯೇಯವಾಕ್ಯವನ್ನು ಅಷ್ಟು ವರ್ಷ ಹೇಳಿಕೊಟ್ಟದ್ದು ನಾನು. ಆವತ್ತು ಅದನ್ನು ನನಗೆ ಅರ್ಥ ಮಾಡಿಸಿದ್ದು ಆ ಹುಡುಗ.

ಹಾಗಾಗಿ ನಿಮ್ಮ ಮಗಳಿಗೆ ಹೇಳಿ: ಮೊದಲು ಪೆನ್ಸಿಲಿನಲ್ಲಿ 17 ಚುಕ್ಕೆ ಇಟ್ಟುಕೊಳ್ಳಲಿ. ಎಸಳು ಆಮೇಲೆ ಬರೆಯಲಿ.