ಬೆಂಗಳೂರಿನ ದುಡ್ಡು ಸುರಂಗ ರಸ್ತೆಗೆ ಹೋಗಬೇಕಾ, ಉಪನಗರ ರೈಲಿಗಾ?

ಹೀಗೆ ಕೇಳಿ, ಸುರಂಗ ರಸ್ತೆ, ಉಪನಗರ ರೈಲು ಎರಡರ ಸಾಧಕ ಬಾಧಕವನ್ನೂ ಹೇಳಿ ಅಂತ ನನಗೆ ಬರೆದಿದ್ದೀರಿ. ಆದರೆ ಕೊನೆಯಲ್ಲಿ "ಹೇಗೂ ರೈಲು ಬರುತ್ತಲ್ಲ ಅಂತ ಹೀಲಲಿಗೆ ಕಡೆ ಫ್ಲ್ಯಾಟ್ ನೋಡ್ತಿದ್ದೀನಿ" ಅಂತ ಒಂದು ಸಾಲು ಸೇರಿಸಿದ್ದೀರಲ್ಲ, ಅದನ್ನು ಓದಿ ನನಗೆ ಎದೆ ಧಸಕ್ ಅಂದಿತು. ನಾನು ಇರುವುದು ಬೆಂಗಳೂರಿನ ಅಂಚಿನ, ಹೊಸೂರು ರೈಲು ಮಾರ್ಗದ ಅದೇ ಹೀಲಲಿಗೆಯಲ್ಲಿ. ಬಂದಿದ್ದೂ ಅದೇ ಕಾರಣಕ್ಕೆ.

2018ರ ಫೆಬ್ರವರಿ. ಕೇಂದ್ರ ಬಜೆಟ್‌ನಲ್ಲಿ ಅರುಣ್ ಜೇಟ್ಲಿಯವರು ಬೆಂಗಳೂರಿಗೆ ಸುಮಾರು 160 ಕಿ.ಮೀ. ಉಪನಗರ ರೈಲು, 17,000 ಕೋಟಿ ರೂಪಾಯಿ ಅಂದರು. ನನ್ನ ಆಫೀಸು ಬೆಳ್ಳಂದೂರಿನ ಹತ್ತಿರ, ರಿಂಗ್ ರೋಡಿನಲ್ಲಿ. ಹೊಸೂರು ಲೈನಿನಲ್ಲಿ ಹೀಲಲಿಗೆ, ಕಾರ್ಮೆಲರಾಂ, ಬೆಳ್ಳಂದೂರು ರೋಡ್ ಸ್ಟೇಷನ್ನುಗಳು ಒಂದರ ಹಿಂದೆ ಒಂದು ಬರುತ್ತವೆ. ಹೊಸ ಯೋಜನೆ ಬಂದರೆ ಬಂತು, ಬರದಿದ್ದರೂ ಹಳಿ ಇದ್ದೇ ಇದೆ, ಈಗಲೇ ರೈಲು ಓಡುತ್ತಿದೆ ಅಂತ ಲೆಕ್ಕ ಹಾಕಿದೆ. ನಾನೇ ಜಾಣ ಅನ್ನಿಸಿತು.

ಆ ಲೆಕ್ಕ ಎಲ್ಲಿ ತಪ್ಪಿತು ಅಂತ ಬಿಡಿಸಿ ಹೇಳುತ್ತೇನೆ. ಸ್ವಲ್ಪ ಉದ್ದ ಆಗುತ್ತೆ.

ಅಡ್ವಾನ್ಸ್ ಕೊಡುವ ಮುಂಚೆ ಒಂದು ಭಾನುವಾರ ಬೆಳಿಗ್ಗೆ ಹೆಂಡತಿಯ ಜೊತೆ ಸ್ಟೇಷನ್ನಿಗೆ ಹೋದೆ. ಒಂದು ರೈಲು ಬಂತು. ಹತ್ತಿದೆವು. ಕಾರ್ಮೆಲರಾಂ ಬಂದಾಗ ಮೊಬೈಲಿನಲ್ಲಿ ಗಂಟೆ ನೋಡಿಕೊಂಡೆ. ಖುಷಿಯೋ ಖುಷಿ. ಸರ್ಜಾಪುರ ರಸ್ತೆಯಲ್ಲಿ ಗಂಟೆ ಹಿಡಿಯುವ ದಾರಿ ಅದು. ಟಿಕೆಟ್ ಕೌಂಟರಿನಲ್ಲಿ ನಾನು ಕೇಳಿದ್ದು ಒಂದೇ ಪ್ರಶ್ನೆ: "ಇದು ಹೀಲಲಿಗೆಯಲ್ಲಿ ದಿನಾ ನಿಲ್ಲುತ್ತಾ?" "ನಿಲ್ಲುತ್ತೆ ಸಾರ್." ಅಷ್ಟಕ್ಕೇ ಮನೆಗೆ ಬಂದುಬಿಟ್ಟೆ. ಕೇಳಬೇಕಿದ್ದದ್ದು, "ಇದಾದ ಮೇಲೆ ಇನ್ನೊಂದು ಯಾವಾಗ?" ಈ ಒಂದು ಮಾತು ಬಾಯಿಗೆ ಬಂದಿದ್ದರೆ ನನ್ನ ಕಥೆಯೇ ಬೇರೆ ಆಗುತ್ತಿತ್ತು. ನಾನು ಹಳಿ ನೋಡಿದೆ, ಸ್ಟೇಷನ್ ನೋಡಿದೆ, ನಿಮಿಷ ಎಣಿಸಿದೆ. ರೈಲು ಎಷ್ಟಿವೆ ಅಂತ ಮಾತ್ರ ಎಣಿಸಲಿಲ್ಲ.

ಆಗ ಆ ಮಾರ್ಗ ಸಿಂಗಲ್ ಲೈನ್. ಹೋಗುವುದಕ್ಕೂ ಬರುವುದಕ್ಕೂ ಒಂದೇ. ಎದುರಿನಿಂದ ಗಾಡಿ ಬಂದರೆ ಯಾವುದಾದರೂ ಸ್ಟೇಷನ್ನಿನಲ್ಲಿ ಒಂದು ಗಾಡಿ ಪಕ್ಕಕ್ಕೆ ಸರಿದು ನಿಲ್ಲಬೇಕು. ಕ್ರಾಸಿಂಗ್ ಅನ್ನುತ್ತಾರೆ. ಎಕ್ಸ್‌ಪ್ರೆಸ್ ನಿಲ್ಲುತ್ತದೆಯೇ? ನಿಲ್ಲುವುದು ನಮ್ಮ ಪ್ಯಾಸೆಂಜರ್. ಹಾಗಾಗಿ ಲೋಕಲ್ ಗಾಡಿ ಜಾಸ್ತಿ ಬಿಡೋಕೇ ಆಗಲ್ಲ, ಬಿಟ್ಟರೂ ಹೊತ್ತಿಗೆ ಸರಿಯಾಗಿ ಬರಲ್ಲ. ಸಂಜೆ ನನ್ನ ಪಾಲಿಗೆ ಇದ್ದದ್ದು ಒಂದೇ ರೈಲು. ಮೀಟಿಂಗ್ ಐದು ನಿಮಿಷ ಎಳೆದರೆ ಆ ದಿನ ಮುಗಿಯಿತು. ಸಂಜೆ ಆದರೆ ಸಾಕು, ಮೀಟಿಂಗಿನಲ್ಲಿ ಕೂತು ಗೋಡೆ ಗಡಿಯಾರವನ್ನೇ ನೋಡುತ್ತಿದ್ದೆ. ಮ್ಯಾನೇಜರ್‌ಗೂ ಗೊತ್ತಾಗಿತ್ತು.

ನಾಲ್ಕು ತಿಂಗಳು ಸೀಸನ್ ಟಿಕೆಟ್ ಮಾಡಿಸಿದೆ. ಐದನೇ ತಿಂಗಳು ಕಾರಿನ ಸಾಲ ಮಾಡಿದೆ. ರೈಲಿಗೋಸ್ಕರ ದೂರದಲ್ಲಿ ತೆಗೆದುಕೊಂಡ ಮನೆಗೆ ಒಂದು ಇಎಂಐ, ರೈಲು ಸಿಗದೆ ತೆಗೆದುಕೊಂಡ ಕಾರಿಗೆ ಇನ್ನೊಂದು. ನಾಚಿಕೆಯ ಮಾತು ಅಂದರೆ, ಆಮೇಲೆ ಅಪಾರ್ಟ್‌ಮೆಂಟಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ "ನಮಗೆ ಫ್ಲೈಓವರ್ ಬೇಕು" ಅಂತ ಎಲ್ಲರಿಗಿಂತ ಜೋರಾಗಿ ಕೂಗಿದವನೂ ನಾನೇ.

ಈಗ ನಿಮ್ಮ ಪ್ರಶ್ನೆ. ಹೆಬ್ಬಾಳದಿಂದ ಸಿಲ್ಕ್ ಬೋರ್ಡಿಗೆ ಸುಮಾರು 17 ಕಿ.ಮೀ. ಸುರಂಗ, ಅಂದಾಜು ವೆಚ್ಚ 17,000 ಕೋಟಿ ದಾಟುತ್ತದೆ. ಉಪನಗರ ರೈಲಿನ ನಾಲ್ಕೂ ಮಾರ್ಗ ಸೇರಿ 148 ಕಿ.ಮೀ., 2020ರಲ್ಲಿ ಒಪ್ಪಿಗೆ ಸಿಕ್ಕಾಗ 15,767 ಕೋಟಿ. ರೈಲಿನ ಖರ್ಚು ಏರುತ್ತೆ, ಗೊತ್ತು. ಆದರೂ ಇದರಲ್ಲಿ ತೂಗಿ ನೋಡುವುದು ಏನಿದೆ? ಎಲೆಕ್ಟ್ರಾನಿಕ್ ಸಿಟಿಯ 10 ಕಿ.ಮೀ. ಮೇಲ್ಸೇತುವೆ 2010ರಿಂದ ಇದೆ. ಟೋಲ್ ಕಟ್ಟಿ ಮೇಲೆ ಹಾರಿಕೊಂಡು ಬರುತ್ತೇವೆ, ಇಳಿದ ಮೇಲೆ ಸಿಲ್ಕ್ ಬೋರ್ಡಿನ ಸಾಲಿನಲ್ಲಿ ನಿಲ್ಲುತ್ತೇವೆ. ಸುರಂಗದ ಬಾಯಿಯೂ ಅಲ್ಲೇ ತೆರೆದರೆ ನೆಲದೊಳಗಿಂದ ಬಂದು ಅದೇ ಸಾಲಿಗೆ ಸೇರಿಕೊಳ್ಳಬಹುದು, ಅಷ್ಟೇ.

ಹಾಗಂತ "ರೈಲಾ, ರಸ್ತೆಯಾ" ಅನ್ನುವ ಪ್ರಶ್ನೆಯೂ ನನಗೆ ಒಪ್ಪಿಗೆಯಿಲ್ಲ. ಗಂಟೆಗೆ ಎಷ್ಟು ರೈಲು ಅಂತ ಕೇಳಿ. ಆರ್.ವಿ. ರಸ್ತೆಯಿಂದ ಬೊಮ್ಮಸಂದ್ರಕ್ಕೆ ಹೋಗುವ ಹಳದಿ ಮಾರ್ಗದ ಮೆಟ್ರೋ ನೋಡಿ. 2025ರ ಆಗಸ್ಟ್‌ನಲ್ಲಿ ಶುರುವಾದಾಗ ಇದ್ದದ್ದು 3 ರೈಲು, 25 ನಿಮಿಷಕ್ಕೊಂದು. ಜಯನಗರಕ್ಕೆ ಕೆಲಸಕ್ಕೆ ಹೋಗುವ ನನ್ನ ಹೆಂಡತಿ ಎರಡು ದಿನ ಹತ್ತಿ ನೋಡಿ "ಇದಕ್ಕಿಂತ ಬಸ್ಸೇ ವಾಸಿ" ಅಂದಳು. ರೈಲು ಒಂದೊಂದೇ ಜಾಸ್ತಿ ಆದಮೇಲೆ ಬಸ್ ಬಿಟ್ಟಳು. ಅದೇ ಕಂಬ, ಅದೇ ಹಳಿ, ಅದೇ ಬೊಮ್ಮಸಂದ್ರ ಸ್ಟೇಷನ್.

ರಸ್ತೆಗೆ ದುಡ್ಡೇ ಬೇಡ ಅಂತಲೂ ಅಲ್ಲ. ಸ್ಟೇಷನ್ನಿಗೆ ಹೋಗುವ ರಸ್ತೆಗೆ ಹಾಕಲಿ. ಬೆಳ್ಳಂದೂರು ರೋಡ್ ಸ್ಟೇಷನ್ನಿನಲ್ಲಿ ಇಳಿದು ಆಫೀಸು ಮುಟ್ಟುವುದು ನನಗೆ ರೈಲಿಗಿಂತ ದೊಡ್ಡ ಪ್ರಯಾಣವಾಗಿತ್ತು. ಫುಟ್‌ಪಾತ್ ಇರಲಿಲ್ಲ, ಆಟೋದವರು ಬಾಯಿಗೆ ಬಂದಷ್ಟು ಕೇಳುತ್ತಿದ್ದರು. ಅಲ್ಲಿನ ಪಣತ್ತೂರು ರೈಲ್ವೆ ಅಂಡರ್‌ಪಾಸಿನ ಜಾಮ್ ದಾಟಿದವರಿಗೆ ಹೆಚ್ಚು ಹೇಳಬೇಕಿಲ್ಲ ಅಲ್ವಾ.

ಫ್ಲ್ಯಾಟಿನ ವಿಷಯ. ಹೀಲಲಿಗೆಯಿಂದ ರಾಜಾನುಕುಂಟೆಗೆ ಹೋಗುವುದು ಉಪನಗರ ರೈಲಿನ ಕನಕ ಮಾರ್ಗ, 46 ಕಿ.ಮೀ. ಬ್ರೋಕರ್ ನಿಮಗೆ ಆ ಹೆಸರು ಹೇಳಿಯೇ ಇರುತ್ತಾನೆ. 2022ರ ಜೂನ್‌ನಲ್ಲಿ ಪ್ರಧಾನಿ ಶಂಕುಸ್ಥಾಪನೆ ಮಾಡಿ ಇಡೀ ಯೋಜನೆಗೆ 40 ತಿಂಗಳು ಅಂದಿದ್ದರು. ಆ 40 ತಿಂಗಳು 2025ರ ಅಕ್ಟೋಬರ್‌ಗೆ ಮುಗಿದವು. ಅಷ್ಟರಲ್ಲಿ ನಾಲ್ಕರಲ್ಲಿ ಒಂದು ಮಾರ್ಗದಲ್ಲೂ ರೈಲು ಓಡಲಿಲ್ಲ. ಬರಲ್ಲ ಅಂತ ನಾನು ಹೇಳುತ್ತಿಲ್ಲ, ಬರಲೇಬೇಕು. ಆದರೆ ಬರುವ ರೈಲಿಗೆ ಇವತ್ತೇ ದುಡ್ಡು ಕಟ್ಟಬೇಡಿ.

ಆದರೂ ತೆಗೆದುಕೊಳ್ಳುತ್ತೇನೆ ಅಂದರೆ ಭಾನುವಾರ ಹೋಗಬೇಡಿ. ಮಂಗಳವಾರವೋ ಬುಧವಾರವೋ ಸಂಜೆ ನಿಮ್ಮ ಆಫೀಸಿನ ಹತ್ತಿರದ ಸ್ಟೇಷನ್ನಿಗೆ ಹೋಗಿ. ಬಂದ ರೈಲನ್ನು ಬೇಕಂತಲೇ ಬಿಡಿ. ಆಮೇಲೆ ಅಲ್ಲೇ ಬೆಂಚಿನ ಮೇಲೆ ಕೂತು, ಮುಂದಿನದು ಎಷ್ಟು ಹೊತ್ತಿಗೆ ಬರುತ್ತೆ ನೋಡಿ.