‘ಕೊನೆಗೆ ಆಕೆ ಗಂಡಸನ್ನೇ ಆರಿಸಿಕೊಂಡಳಲ್ಲ?’

ಪ್ರಶ್ನೆ: ನನ್ನ ಮಗಳಿಗೆ 26 ವರ್ಷ. ಮೆಲ್ಬರ್ನ್‌ನಲ್ಲಿ ಕೆಲಸದಲ್ಲಿದ್ದಾಳೆ. ಕಳೆದ ವರ್ಷ ಎರಡು ತಿಂಗಳು ಅವಳ ಜೊತೆಗಿದ್ದೆ. ಒಂದು ರಾತ್ರಿ ಆಸ್ಟ್ರೇಲಿಯಾದ ‘ದಿ ಬ್ಯಾಚುಲರೆಟ್’ ಕಾರ್ಯಕ್ರಮದ 2021ರ ಕಂತುಗಳನ್ನು ತೋರಿಸಿದಳು. ಬ್ರೂಕ್ ಬ್ಲರ್ಟನ್ ಎಂಬ ಯುವತಿಯ ಮನಸ್ಸು ಗೆಲ್ಲಲು ಗಂಡಸರೂ ಬಂದಿದ್ದರು, ಹೆಂಗಸರೂ ಬಂದಿದ್ದರು. ನೋಡುತ್ತಿರುವಾಗಲೇ ಮಗಳು, “ಅಮ್ಮಾ, ನಾನೂ ಅವಳ ಹಾಗೆಯೇ” ಎಂದಳು. ನಾನು ಮಾತಾಡದೆ ಎದ್ದು ಹೋಗಿ ದೋಸೆಗೆ ನೆನೆಹಾಕಿದ್ದ ಅಕ್ಕಿಯನ್ನು ಮಿಕ್ಸಿಗೆ ಹಾಕಿದೆ. ಆಮೇಲೆ ಆ ವಿಷಯವನ್ನು ಇಬ್ಬರೂ ಎತ್ತಿಲ್ಲ. ಕೊನೆಗೆ ಆ ಬ್ರೂಕ್ ಗಂಡಸನ್ನೇ ಆರಿಸಿಕೊಂಡಳು. ಮಗಳೂ ಹಾಗೆ ಸರಿಹೋಗಬಹುದಲ್ಲವೇ? ಒಂದು ಒಳ್ಳೆಯ ಸಂಬಂಧ ಬಂದಿದೆ. ಅವಳಿಗೆ ಗಂಡೂ ಬೇಕು, ಹೆಣ್ಣೂ ಬೇಕು ಎಂದಾದರೆ ಸಂಸಾರ ನಿಂತೀತೇ? ದ್ವಿಲಿಂಗಿ ಎಂದರೆ ದೇಹದಲ್ಲೇ ಏನಾದರೂ ತೊಂದರೆಯೇ? ವೈದ್ಯರಿಗೆ ತೋರಿಸಲೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ತಾಯಿ, ನಿಮ್ಮ ಕೊನೆಯ ಪ್ರಶ್ನೆಯನ್ನು ಮೊದಲು ತೆಗೆದುಕೊಳ್ಳುತ್ತೇನೆ. ಆ ಗೊಂದಲ ಹುಟ್ಟಿದ್ದು ನಮ್ಮ ಪಾಠಪುಸ್ತಕದಲ್ಲಿ. ಶಾಲೆಯಲ್ಲಿ ದಾಸವಾಳದ ಹೂವನ್ನು ಸೀಳಿ, ಕೇಸರ ಇಲ್ಲಿದೆ, ಶಲಾಕೆ ಇಲ್ಲಿದೆ, ಆದ್ದರಿಂದ ಇದು ದ್ವಿಲಿಂಗಿ ಎಂದು ಕಲಿಸಿದರು. ಅದು ಹೂವಿನ ರಚನೆಯ ಮಾತು. ನಿಮ್ಮ ಮಗಳು ಹೇಳಿದ್ದು ತನ್ನ ಮನಸ್ಸು ಯಾರತ್ತ ಒಲಿಯುತ್ತದೆ ಎಂಬ ಮಾತು. ಗಂಡಸಿನ ಮೇಲೂ ಹೆಂಗಸಿನ ಮೇಲೂ ಒಲವು ಮೂಡುವುದನ್ನು ದ್ವಿಲೈಂಗಿಕತೆ ಎನ್ನುತ್ತಾರೆ. ಅವಳ ದೇಹಕ್ಕೆ ಏನೂ ಆಗಿಲ್ಲ.

ಇದಕ್ಕೆ ವೈದ್ಯರೂ ಬೇಡ. ಸ್ವಂತ ಲಿಂಗದವರ ಮೇಲಿನ ಒಲವು ಕಾಯಿಲೆಯಲ್ಲ ಎಂದು ಭಾರತೀಯ ಮನೋವೈದ್ಯರ ಸಂಘ 2018ರಲ್ಲಿ ಸ್ಪಷ್ಟಪಡಿಸಿದೆ. ಅದನ್ನು ‘ಬದಲಾಯಿಸುವ’ ಚಿಕಿತ್ಸೆ ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗ 2022ರಲ್ಲಿ ಹೇಳಿದೆ. ಗುಣಪಡಿಸಿಕೊಡುತ್ತೇನೆ ಎನ್ನುವವರು ಸಿಕ್ಕರೆ ಅವರ ಮೆಟ್ಟಿಲು ಹತ್ತಬೇಡಿ.

ಈಗ ಬ್ರೂಕ್ ವಿಷಯ. ಆ ಸರಣಿಯಲ್ಲಿ ದ್ವಿಲೈಂಗಿಕ ಎಂದು ಹೇಳಿಕೊಂಡು ನಾಯಕಿಯಾದವರಲ್ಲಿ ಆಕೆಯೇ ಮೊದಲಿಗಳು. ಆಸ್ಟ್ರೇಲಿಯಾದ ಮೂಲನಿವಾಸಿ ಹೆಣ್ಣುಮಗಳೂ ಹೌದು. ಆದರೆ ಅಂಥ ಕಾರ್ಯಕ್ರಮದ ಕಟ್ಟು ಹೇಗಿರುತ್ತದೆ ನೋಡಿ. ಪ್ರತಿ ವಾರ ಯಾರೋ ಹೊರಗೆ ಹೋಗಬೇಕು, ಕೊನೆಗೆ ಒಬ್ಬರೇ ಉಳಿಯಬೇಕು. 2007ರಲ್ಲಿ ಅಮೆರಿಕದ ಎಂಟಿವಿ ಟೀಲಾ ಟಕೀಲಾ ಎಂಬಾಕೆಯನ್ನು ನಡುವೆ ನಿಲ್ಲಿಸಿ 16 ಗಂಡಸರನ್ನೂ 16 ಹೆಂಗಸರನ್ನೂ ಒಂದೇ ಮನೆಗೆ ಬಿಟ್ಟಿತು. ಕಬಡ್ಡಿಯ ಎರಡು ತಂಡಗಳ ಹಾಗೆ! ಹೀಗೆ ಜೋಡಿಸಿದ ಮೇಲೆ ನೋಡುವವರಿಗೆ ಒಂದೇ ಕುತೂಹಲ: ಗಂಡು ಗೆದ್ದಿತೋ ಹೆಣ್ಣು ಗೆದ್ದಿತೋ? ಗೆದ್ದ ಪಕ್ಷವೇ ಅವಳ ‘ನಿಜವಾದ’ ಸ್ವಭಾವ ಎಂದು ನಾವು ತೀರ್ಪು ಕೊಟ್ಟುಬಿಡುತ್ತೇವೆ. ಬ್ರೂಕ್ ಆರಿಸಿದ್ದು ಒಬ್ಬ ವ್ಯಕ್ತಿಯನ್ನು. ಅಲ್ಲಿದ್ದ ಹೆಂಗಸರ ಮೇಲೆ ಆಕೆಗೆ ಹುಟ್ಟಿದ ಪ್ರೀತಿ ಆ ಆಯ್ಕೆಯಿಂದ ಸುಳ್ಳಾಗುವುದಿಲ್ಲ. 2019ರಲ್ಲಿ ಅದೇ ಎಂಟಿವಿ ‘ಆರ್ ಯೂ ದಿ ಒನ್’ ಕಾರ್ಯಕ್ರಮದ ಎಂಟನೆಯ ಸರಣಿಗೆ, ಯಾರು ಯಾರಿಗೆ ಬೇಕಾದರೂ ಜೋಡಿಯಾಗಬಹುದಾದ 16 ಮಂದಿಯನ್ನು ಕರೆತಂದಿತು. ಗಂಡಿನ ಪಾಳಯ, ಹೆಣ್ಣಿನ ಪಾಳಯ ಎಂಬುದೇ ಅಲ್ಲಿರಲಿಲ್ಲ. ಆ ಮಟ್ಟಿಗೆ ಅದು ನನಗೆ ಹೆಚ್ಚು ಪ್ರಾಮಾಣಿಕ ಎನಿಸುತ್ತದೆ.

‘ಇಬ್ಬರೂ ಬೇಕು’ ಎಂಬ ಭಯವೂ ಅದೇ ಪರದೆಯಿಂದ ಇಳಿದದ್ದು. ಇಬ್ಬರ ಮೇಲೂ ಒಲವು ಮೂಡಬಲ್ಲುದು ಎಂದರೆ ಏಕಕಾಲಕ್ಕೆ ಇಬ್ಬರೂ ಬೇಕೇ ಬೇಕು ಎಂದಲ್ಲ. ನಿಷ್ಠೆ ಮನುಷ್ಯರ ಗುಣ. ಗಂಡುಹೆಣ್ಣಿನ ದಾಂಪತ್ಯಗಳಲ್ಲೂ ಅದು ಮುರಿದದ್ದನ್ನು ನೀವೂ ಕಂಡಿದ್ದೀರಿ, ನಾನೂ ಕಂಡಿದ್ದೇನೆ.

‘ಸರಿಹೋಗಬಹುದಲ್ಲವೇ’ ಎಂದು ಕೇಳಿದ್ದೀರಿ. ಆಪ್ತಸಮಾಲೋಚನೆಯ ನನ್ನ ಆರಂಭದ ವರ್ಷಗಳಲ್ಲಿ ಒಬ್ಬ ಹುಡುಗ ಬಂದು ಇದನ್ನೇ ಹೇಳಿಕೊಂಡಿದ್ದ. “ಸ್ವಲ್ಪ ಕಾಯಿ, ಯಾವ ಕಡೆ ಎಂಬುದು ತಾನಾಗಿ ತಿಳಿಯುತ್ತದೆ” ಎಂದುಬಿಟ್ಟೆ. ಅವನು ಕೈಯಲ್ಲಿದ್ದ ಬಸ್ ಟಿಕೆಟ್ಟನ್ನು ಮಡಿಸುತ್ತಾ ಮಡಿಸುತ್ತಾ ಉಗುರಿನಷ್ಟು ಚಿಕ್ಕದು ಮಾಡಿ, ಮೇಜಿನ ಮೇಲಿಟ್ಟು ಎದ್ದುಹೋದ. ಮತ್ತೆ ಬರಲಿಲ್ಲ. ಅವನಿಗೆ ಆಗಲೇ ತಿಳಿದಿತ್ತು, ತಿಳಿಯದವಳು ನಾನಾಗಿದ್ದೆ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ. ನಿಮ್ಮ ಮಗಳಿಗೆ ಕಾಯಲು ಹೇಳಬೇಡಿ.

ಬಂದಿರುವ ಸಂಬಂಧದ ಮಾತನ್ನು ಅವಳ ಒಪ್ಪಿಗೆಯಿಲ್ಲದೆ ಒಂದು ಹೆಜ್ಜೆಯೂ ಮುಂದಕ್ಕೆ ಒಯ್ಯಬೇಡಿ. ಮುಂದೊಂದು ದಿನ ಅವಳು ಗಂಡಸನ್ನೇ ಮೆಚ್ಚಿ ಮದುವೆಯಾಗಬಹುದು, ಆಗದೆಯೂ ಇರಬಹುದು. ಗಂಡಸನ್ನೇ ಮದುವೆಯಾದರೂ ಆ ರಾತ್ರಿ ಹೇಳಿದ್ದು ನಿಜವಾಗಿಯೇ ಉಳಿಯುತ್ತದೆ. ಅದನ್ನು ಯಾರಿಗೆ ಹೇಳಬೇಕು, ಯಾವಾಗ ಹೇಳಬೇಕು ಎಂಬುದು ಅವಳಿಗೆ ಸೇರಿದ್ದು. ಬೀಗರಿಗೂ ಬೇಡ, ಅಕ್ಕತಂಗಿಯರಿಗೂ ಬೇಡ.

ಮಿಕ್ಸಿಯ ಸದ್ದಿನಲ್ಲಿ ನಿಂತುಹೋದ ಮಾತನ್ನು ನೀವೇ ಎತ್ತಿ. “ಆ ರಾತ್ರಿ ನಾನು ಎದ್ದು ಹೋಗಬಾರದಿತ್ತು” ಎಂದಷ್ಟೇ ಶುರುಮಾಡಿ, ಆಮೇಲೆ ಅವಳನ್ನು ಮಾತಾಡಲು ಬಿಡಿ. ಸಂಜೆ ನಾಲ್ಕರ ಹೊತ್ತಿಗೆ ಕರೆ ಮಾಡಿದರೆ ಒಳ್ಳೆಯದು. ಮೆಲ್ಬರ್ನ್‌ನಲ್ಲಿ ಆಗಲೇ ರಾತ್ರಿಯಾಗಿರುತ್ತದೆ, ಅವಳು ಮನೆ ಸೇರಿರುತ್ತಾಳೆ.